ವಾಲಿದ ಮುನ್ನುಡಿ

“ಏನ್ ಸ್ವಾಮಿ, ಈ ಮುನ್ನುಡಿ ಬರೆದವರು ನೆಟ್ಟಗೇ ನಿಲ್ತಾರಲ್ಲ, ಅವರ ಮಾತು ಮಾತ್ರ ಯಾಕೆ ಹೀಗೆ ವಾಲ್ಕೊಂಡಿದೆ?”

ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡ್ ಗೋಡೆಯ ಮೇಲೆ ಕರಡು ಹಾಳೆಗಳನ್ನು ಹರಡಿ, ಹಾರಿಹೋಗದಂತೆ ಮೇಲೊಂದು ತೆಂಗಿನಕಾಯಿ ಹೇರಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೇಳಿದರು. ನಿವೃತ್ತಿಯ ನಂತರ ಅವರು ಬರೆದಿಟ್ಟ ಪ್ರಬಂಧಗಳೆಲ್ಲ ಈಗ ಪುಸ್ತಕವಾಗುತ್ತಿವೆ. ಡಿಟಿಪಿ ಅಂಗಡಿಯ ಹುಡುಗ ಮುನ್ನುಡಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓರೆ ಅಕ್ಷರದಲ್ಲಿ ಕೂರಿಸಿದ್ದಾನೆ. ಕೇಳಿದ್ದಕ್ಕೆ, “ಸ್ಟೈಲಾಗಿರ್ಲಿ ಅಂತ ಇಟಾಲಿಕ್ ಹಾಕಿದೀನಿ ಸಾರ್” ಅಂದನಂತೆ. “ಅರ್ಧ ಪುಟ ಓದೋಷ್ಟರಲ್ಲಿ ನನ್ನ ಕತ್ತೂ ಇಟಾಲಿಕ್ ಆಯ್ತು” ಎಂದು ಮೇಷ್ಟ್ರು ಕತ್ತು ತಿರುವಿ ತೋರಿಸಿದರು.

ನಾನು ಒಂದು ಕಾಲದಲ್ಲಿ ಕರಡು ತಿದ್ದಿ ಹೊಟ್ಟೆ ಹೊರೆದವನು. ಅಂಥವನ ಮುಂದೆ ಇಟಾಲಿಕ್ ಎಂಬ ಮಾತೆತ್ತಿದರೆ ಆವತ್ತಿನ ಬೆಳಗು ಮುಗಿದ ಹಾಗೇ ಎಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಎತ್ತಿದರೆಂದರೆ, ಮನೆಯೊಳಗೆ ಅವರಿಗಾಗಿ ಯಾವುದೋ ಕೆಲಸ ಕಾದಿರಬೇಕು.

“ಅದು ಸ್ಟೈಲಿಗೆ ಅಂತ ಹುಟ್ಟಿದ್ದಲ್ಲ ಮೇಷ್ಟ್ರೇ” ಎಂದೆ. “ಕೈಯಲ್ಲಿ ಹಿಡಿಯೋ ಪುಸ್ತಕಕ್ಕೆ ಅಂತ ಹುಟ್ಟಿದ್ದು. ಹುಟ್ಟಿಸಿದವನೂ ನಿಮ್ಮ ಹಾಗೇ ಒಬ್ಬ ಮೇಷ್ಟ್ರು.”

ಮೇಷ್ಟ್ರ ಮುಖ ಅರಳಿತು. ತೆಂಗಿನಕಾಯಿಯನ್ನು ಪಕ್ಕಕ್ಕೆ ಸರಿಸಿ ಮೊಣಕೈ ಊರಲು ಜಾಗ ಮಾಡಿಕೊಂಡರು.

ಆ ಮೇಷ್ಟ್ರ ಹೆಸರು ಆಲ್ಡಸ್ ಮನುಟಿಯಸ್. ಇಟಲಿಯಲ್ಲಿ ರಾಜಕುಮಾರರಿಗೆ ಗ್ರೀಕ್, ಲ್ಯಾಟಿನ್ ಪಾಠ ಹೇಳಿಕೊಂಡಿದ್ದವನು. ನಲವತ್ತು ದಾಟಿದ ಮೇಲೆ ವೆನಿಸ್ಸಿಗೆ ಬಂದು, ತಾನು ಪಾಠ ಹೇಳಿದ ಪುಸ್ತಕಗಳನ್ನೇ ತಪ್ಪಿಲ್ಲದೆ ಅಚ್ಚು ಹಾಕುತ್ತೇನೆಂದು ಅಚ್ಚುಕೂಟ ತೆರೆದ. ಆಗ ವರ್ಜಿಲ್‌ನಂಥ ಕವಿಗಳ ಪುಸ್ತಕವೆಂದರೆ ಮೇಜಿನ ಮೇಲೆ ಮಲಗಿಸಿ, ಮುಂದೆ ನಿಂತೋ ಕೂತೋ ಓದಬೇಕಾದ ಗಾತ್ರ. ನಡುವೆ ನಾಲ್ಕು ಸಾಲು ಕಾವ್ಯ, ಸುತ್ತಲೂ ನಾಲ್ವತ್ತು ಸಾಲು ವ್ಯಾಖ್ಯಾನ. ಆಲ್ಡಸ್ ಒಂದು ಕಾಗದವನ್ನು ಮೂರು ಸಲ ಮಡಿಚಿ ಎಂಟು ಹಾಳೆ, ಹದಿನಾರು ಪುಟ ಮಾಡಿದ. ಆ ಅಳತೆಯಲ್ಲಿ ಪ್ರಾರ್ಥನೆಯ ಪುಸ್ತಕಗಳು ಮೊದಲೇ ಬರುತ್ತಿದ್ದವು. ಅವನ ಜಾಣತನ ಏನೆಂದರೆ, ದೊಡ್ಡ ಕವಿಗಳನ್ನು ವ್ಯಾಖ್ಯಾನ ಕಳಚಿ ಅದೇ ಅಳತೆಗೆ ತಂದು ಓದುಗನ ಕೈಗೆ ಕೊಟ್ಟದ್ದು.

“ವ್ಯಾಖ್ಯಾನ ತೆಗೆದುಬಿಟ್ರೆ ಮೇಷ್ಟ್ರುಗಳ ಗತಿ?” ಎಂದರು ನಮ್ಮ ಮೇಷ್ಟ್ರು.

“ಅಚ್ಚುಕೂಟ ಇಟ್ಕೋಬೇಕು. ಅವನು ಇಟ್ಕೊಂಡನಲ್ಲ” ಎಂದೆ. “ಅದಿರಲಿ, ನಿಮ್ಮ ಪುಸ್ತಕದ ಅಳತೆ ಏನು?”

“ಡೆಮ್ಮಿ ಒಂದನೇ ಎಂಟು.”

“ಆ ಎಂಟು ಇದೇ ಎಂಟು.” ಕನ್ನಡ ಪುಸ್ತಕಗಳ ಒಳಪುಟದಲ್ಲಿ ಬೆಲೆ, ಪ್ರತಿಗಳು, ಕಾಗದ ಎಂದು ಬರೆಯುವ ಕಡೆ ‘ಡೆಮ್ಮಿ 1/8’ ಎಂದೂ ಅಚ್ಚಾಗಿರುತ್ತದೆ. ಹಾಳೆಯೊಂದನ್ನು ಎಂಟಾಗಿ ಮಡಿಚುವ ಆ ಲೆಕ್ಕವೇ ಫಾರಮ್ಮಿಗೆ ಹದಿನಾರು ಪುಟ ಎಂಬ ಮಾತಾಗಿ ನಮ್ಮ ಪ್ರೆಸ್ಸುಗಳಲ್ಲೂ ನಡೆದುಕೊಂಡು ಬಂದಿದೆ. ಮೇಷ್ಟ್ರು ತಮ್ಮ ಕರಡನ್ನು ಹೊಸ ಗೌರವದಿಂದ ನೋಡಿಕೊಂಡರು.

ಪುಸ್ತಕ ಸಣ್ಣದಾಯಿತು. ಅಕ್ಷರ? ವಿದ್ವಾಂಸರು ದಿನಬೆಳಗಾದರೆ ಕೈಯಲ್ಲಿ ಬರೆಯುತ್ತಿದ್ದ ಅಕ್ಷರವನ್ನೇ ಆಲ್ಡಸ್ ಆರಿಸಿಕೊಂಡ. ಫ್ಲಾರೆನ್ಸಿನಲ್ಲಿ ನಿಕ್ಕೊಲೊ ನಿಕ್ಕೊಲಿ ಎಂಬ ಗ್ರಂಥಪ್ರೇಮಿ ಇದ್ದ, 1437ರಲ್ಲಿ ತೀರಿಕೊಂಡವನು. ಹಳೆಯ ಹಸ್ತಪ್ರತಿಗಳನ್ನು ಹುಡುಕಿ ಹುಡುಕಿ ತಾನೇ ನಕಲು ಮಾಡಿಕೊಳ್ಳುತ್ತಿದ್ದ. ಅಷ್ಟೊಂದು ನಕಲು ಮಾಡುವವನ ಕೈ ಬೇಗ ಓಡಬೇಕು. ಪ್ರತಿ ಅಕ್ಷರಕ್ಕೂ ಲೇಖನಿ ಎತ್ತುತ್ತಾ ಕೂತರೆ ಆಗದು. ಎತ್ತದೆ ಮುಂದಕ್ಕೆ ಎಳೆದಾಗ ಅಕ್ಷರ ಕಿರಿದಾಗುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಹೋಗುತ್ತಿರುವ ದಿಕ್ಕಿಗೆ ತುಸು ಬಾಗುತ್ತದೆ. ಆ ಓಟದ ಬರಹವೇ ಪೋಪ್ ಕಚೇರಿಯ ಗುಮಾಸ್ತರವರೆಗೆ ಹಬ್ಬಿತು. ಅಂದರೆ ಓರೆ ಎಂಬುದು ಯಾರೋ ಕೂತು ಯೋಚಿಸಿದ ಅಲಂಕಾರವಲ್ಲ. ಅವಸರದ ಕೈ ಬಿಟ್ಟುಹೋದ ಗುರುತು.

“ಗುಮಾಸ್ತರ ಅಕ್ಷರ ಅನ್ನಿ.”

“ಗುಮಾಸ್ತರು ಅಂತ ಹಗುರವಾಗಿ ಮಾತಾಡ್ಬೇಡಿ, ನಮ್ಮಲ್ಲೂ ಅವರ ಕಥೆ ಬರೋದಿದೆ” ಎಂದು ಮುಂದುವರಿದೆ.

ಕೈಬರಹವನ್ನು ಲೋಹಕ್ಕೆ ಇಳಿಸಿದವನು ಬೊಲೊನ್ಯ ಊರಿನ ಫ್ರಾಂಚೆಸ್ಕೊ ಗ್ರಿಫೊ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗಾಮುರುಗಾ ಕೊರೆದು, ಅದನ್ನು ತಾಮ್ರದ ತುಂಡಿಗೆ ಬಡಿದು ತಗ್ಗು ಮೂಡಿಸಿ, ಆ ತಗ್ಗಿಗೆ ಕಾದ ಸೀಸ ಸುರಿದರೆ ಒಂದು ಮೊಳೆ. ಈ ಸರಪಳಿಯಲ್ಲಿ ಮೊದಲ ಕೊರೆತವೇ ಎಲ್ಲಕ್ಕಿಂತ ಕಷ್ಟ. 1500ರಲ್ಲಿ ಸಿಯೆನಾದ ಸಂತ ಕ್ಯಾಥರೀನಳ ಪತ್ರಗಳನ್ನು ಆಲ್ಡಸ್ ಅಚ್ಚು ಹಾಕಿದಾಗ, ಚಿತ್ರದಲ್ಲಿ ಅವಳು ಹಿಡಿದ ಪುಸ್ತಕದ ಮೇಲೂ ಹೃದಯದ ಮೇಲೂ ಕೆಲವೇ ಪದ ಈ ಹೊಸ ಅಕ್ಷರದಲ್ಲಿ ಕಾಣಿಸಿಕೊಂಡವು. ಮರುವರ್ಷ, 1501ರಲ್ಲಿ, ವರ್ಜಿಲ್‌ನ ಕಾವ್ಯ ಪೂರ್ತಿಯಾಗಿ ಓರೆ ಅಕ್ಷರದಲ್ಲೇ ಬಂತು. ದೊಡ್ಡಕ್ಷರಗಳು ಮಾತ್ರ ನೆಟ್ಟಗೆ. ಪ್ರತಿ ಸಾಲಿನ ಆರಂಭದಲ್ಲಿ ಒಂದು ನೆಟ್ಟನೆಯ ದೊಡ್ಡಕ್ಷರ ತುಸು ದೂರ ನಿಂತಿರುತ್ತದೆ, ಅದರ ಹಿಂದೆ ಓರೆಯವು ಓಡುತ್ತವೆ. ಬಾಗಿದ ದೊಡ್ಡಕ್ಷರಗಳು ಬಂದದ್ದು ಆಮೇಲೆ.

ಪುಸ್ತಕ ಬಿಸಿ ದೋಸೆಯಂತೆ ಹೋಯಿತೆಂದು ಹೇಳಬಹುದೋ ಏನೋ, ಕಳ್ಳರು ಬಂದದ್ದಂತೂ ನಿಜ. ಫ್ರಾನ್ಸಿನ ಲಿಯಾನ್ ನಗರದ ಮುದ್ರಕರು ಅದೇ ಅಳತೆ, ಅದೇ ಓರೆ ಅಕ್ಷರ, ಅದೇ ಕವಿಗಳನ್ನು ಹೆಸರು ಹಾಕದೆ ಅಚ್ಚು ಮಾಡಿ ಮಾರತೊಡಗಿದರು. ಆಲ್ಡಸ್ ಆ ಅಕ್ಷರದ ಮೇಲಿನ ಹಕ್ಕಿಗಾಗಿ ವೆನಿಸ್ ಸರ್ಕಾರದಿಂದಲೂ ಪೋಪ್‌ನಿಂದಲೂ ರಕ್ಷಣೆ ಪಡೆದಿದ್ದ. ಆದರೆ ಲಿಯಾನ್ ಎಲ್ಲಿ, ವೆನಿಸ್ ಎಲ್ಲಿ. ಕೊನೆಗೆ 1503ರಲ್ಲಿ ಅವನು ಒಂದು ಎಚ್ಚರಿಕೆಯ ಹಾಳೆ ಹೊರಡಿಸಿ, ಕಳ್ಳಪ್ರತಿಗಳಲ್ಲಿ ಯಾವ ಯಾವ ಅಚ್ಚುತಪ್ಪು ಇದೆ ಎಂದು ಪಟ್ಟಿ ಕೊಟ್ಟ. ತಪ್ಪು ಕಂಡರೆ ಅದು ನನ್ನದಲ್ಲ ಎಂದು ತಿಳಿಯಿರಿ ಎಂಬುದು ಅವನ ಲೆಕ್ಕ. ಲಿಯಾನಿನವರು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ತಮ್ಮ ತಪ್ಪುಗಳನ್ನು ತಿದ್ದಿಕೊಂಡರು.

ಮೇಷ್ಟ್ರು ಗೋಡೆ ಬಡಿದು ನಕ್ಕರು. “ಬಿಟ್ಟಿ ಪ್ರೂಫ್ ರೀಡರ್!”

ನನ್ನ ವೃತ್ತಿಗೆ ಸಂದ ಆ ಗೌರವವನ್ನು ಸ್ವೀಕರಿಸಿ ಗ್ರಿಫೊ ಕಡೆಗೆ ಹೊರಳಿದೆ. ಆ ವರ್ಜಿಲ್‌ನಲ್ಲೇ ಆಲ್ಡಸ್ ಅವನ ಕೈಚಳಕ ಹೊಗಳಿ ಮೂರು ಸಾಲು ಪದ್ಯ ಅಚ್ಚು ಹಾಕಿದ್ದ. ಹಕ್ಕು ಮಾತ್ರ ತನ್ನ ಹೆಸರಿಗೇ. ಕೊರೆದವನಿಗೆ ಪದ್ಯ, ಕೊರೆಸಿದವನಿಗೆ ಹಕ್ಕು. ಗ್ರಿಫೊ ಮುನಿಸಿಕೊಂಡು ವೆನಿಸ್ ಬಿಟ್ಟ. ಫಾನೊ ಎಂಬ ಊರಿನ ಮುದ್ರಕ ಸೊಂಚಿನೊ ಅವನಿಂದ ಬೇರೆ ಓರೆ ಅಕ್ಷರ ಕೊರೆಸಿ, 1503ರಲ್ಲಿ ಅಚ್ಚು ಹಾಕಿದ ಕವಿ ಪೆಟ್ರಾರ್ಕ್‌ನ ಪುಸ್ತಕದ ಮುನ್ನುಡಿಯಲ್ಲಿ, ಈ ಅಕ್ಷರದ ನಿಜವಾದ ಕರ್ತೃ ಗ್ರಿಫೊ, ಬೇರೆಯವರು ಪರರ ಗರಿ ಮುಡಿದಿದ್ದಾರೆ ಎಂಬ ಅರ್ಥದಲ್ಲಿ ಬರೆದ. ಗ್ರಿಫೊ ಮುಂದೆ ಸ್ವಂತ ಊರಿಗೆ ಹೋಗಿ ತಾನೇ ಪುಟ್ಟ ಪುಟ್ಟ ಪುಸ್ತಕ ಅಚ್ಚು ಹಾಕಿದ. 1518ರ ಹೊತ್ತಿಗೆ ಜಗಳದಲ್ಲಿ ಅಳಿಯನನ್ನು ಹೊಡೆದು ಕೊಂದ ಆರೋಪ ಬಂತು. ಅಲ್ಲಿಂದ ಮುಂದೆ ದಾಖಲೆಗಳಲ್ಲಿ ಅವನ ಸುಳಿವಿಲ್ಲ.

“ಪಾಪ, ಇಷ್ಟು ಚಂದದ ಅಕ್ಷರದ ಹಿಂದೆ ಇಷ್ಟು ರಕ್ತವೇ” ಎಂದು ಮೇಷ್ಟ್ರು ಲೊಚಗುಟ್ಟಿದರು. ಕೊಲೆಯ ವಿಷಯ ಬಂದರೆ ಹರಟೆ ಸೊರಗುತ್ತದೆ. ಅದಕ್ಕೆ ಮತ್ತೆ ಆಲ್ಡಸ್ ಮನೆಯ ಬಾಗಿಲಿಗೆ ಕರೆದೊಯ್ದೆ. ಆ ಬಾಗಿಲ ಮೇಲೆ ಅವನು ಒಂದು ಫಲಕ ಹಾಕಿಸಿದ್ದ. ಯಾರೇ ಆಗಿರಲಿ, ಬಂದ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಿ ಬೇಗ ಹೊರಡಿ, ಇಲ್ಲವಾದರೆ ನಮ್ಮ ಕೆಲಸಕ್ಕೆ ಹೆಗಲು ಕೊಡಿ ಎಂಬುದು ಅದರ ತಾತ್ಪರ್ಯ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅಂಥ ಫಲಕ ನಮ್ಮ ಬೀದಿಯಲ್ಲಿದ್ದರೆ ಈ ಗೋಡೆಗೆ ಏನು ಕೆಲಸ ಎಂಬ ಯೋಚನೆ ಇಬ್ಬರಿಗೂ ಬಂದಿರಬೇಕು.

“ಸರಿ, ಒಂದು ಪುಸ್ತಕ ಪೂರ್ತಿ ಓರೆಯಾಗಿ ಬಂದಾಗ ವೆನಿಸ್ಸಿನವರ ಕತ್ತು ನೋಯಲಿಲ್ಲ. ನನ್ನದು ಯಾಕೆ ನೋಯ್ತು?” ಮೇಷ್ಟ್ರು ಪಾಟೀಸವಾಲಿಗೆ ಇಳಿದರು.

ಪ್ರಶ್ನೆ ಒಳ್ಳೆಯದೇ. ಆಗ ಓರೆ ಅಕ್ಷರ ಯಾರ ಕೈಕೆಳಗೂ ಇರಲಿಲ್ಲ. ನೆಟ್ಟನೆಯ ರೋಮನ್ ಒಂದು ಬರಹ, ಓರೆಯದು ಇನ್ನೊಂದು ಬರಹ. ಮುದ್ರಕನಿಗೆ ಯಾವುದು ಹಿಡಿಸುತ್ತದೋ ಅದರಲ್ಲಿ ಪುಸ್ತಕ. 1522ರಲ್ಲಿ ರೋಮ್‌ನಲ್ಲಿ ಲುಡೊವಿಕೊ ಅರ‍್ರಿಗಿ ಎಂಬ ಲಿಪಿಕಾರ ಆ ಬರಹ ಕಲಿಸಲೆಂದೇ ಕೈಪಿಡಿಯೊಂದನ್ನು ಹೊರತಂದ. ಆಮೇಲೆ ತಾನೇ ಓರೆ ಮೊಳೆ ಮಾಡಿಸಿ ಮುದ್ರಕನೂ ಆದ. ಓರೆಯ ಸ್ವತಂತ್ರ ಸಂಸಾರ ಹೀಗೆ ಕೆಲವು ದಶಕ ನಡೆಯಿತು. ಆಮೇಲೆ ನಿಧಾನಕ್ಕೆ ಮುಖ್ಯ ಪಠ್ಯವೆಲ್ಲ ನೆಟ್ಟನೆಯದಕ್ಕೆ ಹೋಗಿ, ಮುನ್ನುಡಿ, ಪದ್ಯ, ಉದ್ಧರಣೆ, ಹೆಸರು, ಪರಭಾಷೆಯ ಮಾತು ಇಷ್ಟು ಓರೆಗೆ ಉಳಿದವು. ನಿಮ್ಮ ಡಿಟಿಪಿ ಹುಡುಗ ಮುನ್ನುಡಿಯನ್ನು ವಾಲಿಸಿದ್ದು ನಾಲ್ಕುನೂರು ವರ್ಷದ ಹಳೆಯ ಪದ್ಧತಿಯಂತೆಯೇ ಎಂದೆ. ಮೇಷ್ಟ್ರು ಈ ಸಮರ್ಥನೆಯನ್ನು ಇಷ್ಟಪಡಲಿಲ್ಲ.

ಹೀಗೆ ಇಬ್ಬರನ್ನು ಒಂದೇ ಪುಟದಲ್ಲಿ ಬಾಳಿಸಬೇಕಾದ ಮೇಲೆ ಜೋಡಿ ಹೊಂದಬೇಕಲ್ಲ. ನಮ್ಮ ಕಡೆ ಜಾತಕ ಕೂಡಿಸಿದ ಹಾಗೆಯೇ ನಡೆಯಿತು. ಪ್ಯಾರಿಸ್ಸಿನ ಕ್ಲಾಡ್ ಗಾರಮಂಡ್ ಕೊರೆದ ನೆಟ್ಟನೆಯ ಅಕ್ಷರಕ್ಕೆ ಹೆಸರಿತ್ತು. ಓರೆ ಅಕ್ಷರದಲ್ಲಿ ರಾಬರ್ಟ್ ಗ್ರಾಂಜಾನ್‌ನನ್ನು ಮೀರಿಸುವವರಿರಲಿಲ್ಲ. ಲಿಯಾನ್, ಆಂಟ್ವರ್ಪ್, ರೋಮ್ ಎಂದು ಊರೂರು ಸುತ್ತಿ ಮೊಳೆ ಕೊರೆದವನು. 1592ರಲ್ಲಿ ಫ್ರಾಂಕ್‌ಫರ್ಟಿನ ಮೊಳೆ ಎರಕದ ಅಂಗಡಿಯೊಂದು ಹೊರಡಿಸಿದ ಮಾದರಿ ಹಾಳೆಯಲ್ಲಿ ಗಾರಮಂಡ್‌ನ ನೇರವೂ ಗ್ರಾಂಜಾನ್‌ನ ಓರೆಯೂ ಅಕ್ಕಪಕ್ಕ ನಿಂತವು. ಆ ಹೊತ್ತಿಗೆ ಗಾರಮಂಡ್ ತೀರಿಕೊಂಡು ಮೂವತ್ತು ವರ್ಷ ದಾಟಿತ್ತು. ಆದರೂ ಆ ಸಂಬಂಧ ಗಟ್ಟಿಯಾಯಿತು. 1989ರಲ್ಲಿ ರಾಬರ್ಟ್ ಸ್ಲಿಂಬ್ಯಾಕ್ ಕಂಪ್ಯೂಟರಿಗಾಗಿ ಅಡೋಬ್ ಗಾರಮಂಡ್ ಮಾಡಿದಾಗಲೂ ನೇರಕ್ಕೆ ಗಾರಮಂಡ್, ಓರೆಗೆ ಗ್ರಾಂಜಾನ್ ಎಂದೇ ಹಿಡಿದ.

ಜೊತೆಗಿದ್ದರೂ ಓರೆಯದು ನೇರದ ನೆರಳಲ್ಲ. ಇಂಗ್ಲಿಷಿನ ಸಣ್ಣ ಎ ಅಕ್ಷರ ನೋಡಿ. ನೆಟ್ಟಗಿರುವಾಗ ಹೊಟ್ಟೆಯ ಮೇಲೆ ಒಂದು ಕೊಕ್ಕೆ ಬಾಗಿರುತ್ತದೆ. ಓರೆಯಾದಾಗ ಕೊಕ್ಕೆ ಹೋಗಿ ನಾವು ಕೈಯಲ್ಲಿ ಬರೆಯುವ ಬರಿಯ ದುಂಡು ಹೊಟ್ಟೆ ಉಳಿಯುತ್ತದೆ. ಎಫ್ ಅಕ್ಷರ ನೇರದಲ್ಲಿ ಸಾಲಿನ ಮೇಲೆ ನಿಲ್ಲುತ್ತದೆ. ಓರೆಯಲ್ಲಿ ಸಾಲಿನ ಕೆಳಗೂ ಬಾಲ ಇಳಿಬಿಡುತ್ತದೆ. ಬಾಗಿದ್ದು ಕೆಲವೇ ಡಿಗ್ರಿ, ಬದಲಾದದ್ದು ಇಡೀ ನಡಿಗೆ. ಓರೆ ಎನ್ನುವುದನ್ನೇ ಮರೆತು ನೆಟ್ಟಗೆ ನಿಲ್ಲಿಸಿದರೂ ಅದು ಇಟಾಲಿಕ್ ಎಂದು ಗುರುತು ಸಿಗುತ್ತದೆ. ಎರಿಕ್ ಗಿಲ್ ಮಾಡಿದ ಜೊವಾನಾ ಎಂಬ ಅಕ್ಷರದ ಇಟಾಲಿಕ್ ಹೆಚ್ಚು ಬಾಗುವುದೇ ಇಲ್ಲ. ಕಿರಿದಾಗಿ, ಕೈಬರಹದ ಗುಣದಿಂದಲೇ ಬೇರೆಯಾಗಿ ಕಾಣುತ್ತದೆ.

“ಹಾಗಾದ್ರೆ ಒತ್ತಿ ಹೇಳೋದಕ್ಕೆ ಇದು ಯಾವಾಗ ಬಂತು?” ಎಂದರು ಮೇಷ್ಟ್ರು. ಅವರಿಗೆ ಇಂಗ್ಲಿಷ್ ಪಾಠದ ಕಾಲದಿಂದಲೂ ಇಟಾಲಿಕ್ ಅಂದರೆ ‘ಈ ಪದವನ್ನು ಗಟ್ಟಿಯಾಗಿ ಓದು’ ಎಂದೇ ಅರ್ಥ.

ಹಾಗೆ ಓದಿ ಮೋಸ ಹೋದವರು ಬಹಳ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ, ಮೂಲ ಹೀಬ್ರೂ ಅಥವಾ ಗ್ರೀಕ್‌ನಲ್ಲಿ ಇಲ್ಲದ, ವಾಕ್ಯ ಪೂರ್ಣವಾಗಲೆಂದು ಅನುವಾದಕರು ಸೇರಿಸಿದ ಪದಗಳನ್ನು ಬೇರೆ ಅಕ್ಷರದಲ್ಲಿ ತೋರಿಸಿದರು. ಮುಂದಿನ ಮುದ್ರಣಗಳಲ್ಲಿ ಅವೆಲ್ಲ ಓರೆಯಾದವು. ಅಂದರೆ ಅಲ್ಲಿ ಓರೆಯ ಅರ್ಥ ‘ಇದು ನಮ್ಮ ಸೇರ್ಪಡೆ’ ಎಂಬ ವಿನಯ. ಅರಸುಗಳ ಮೊದಲ ಪುಸ್ತಕದಲ್ಲಿ ಒಬ್ಬ ಮುದುಕ ಪ್ರವಾದಿ ತನ್ನ ಮಕ್ಕಳಿಗೆ ಕತ್ತೆಗೆ ತಡಿ ಹಾಕಿರೆಂದು ಹೇಳುತ್ತಾನೆ. ಮಕ್ಕಳು ಹಾಕುತ್ತಾರೆ. ಯಾರಿಗೆ ಎಂದು ತಿಳಿಸುವ ‘ಅವನಿಗೆ’ ಎಂಬ ಸರ್ವನಾಮ ಮೂಲದಲ್ಲಿಲ್ಲ, ಅನುವಾದಕರು ಸೇರಿಸಿದ್ದು, ಆದ್ದರಿಂದ ಓರೆ. ಆ ಪುಟ್ಟ ಸರ್ವನಾಮವನ್ನು ಯಾರಾದರೂ ಒತ್ತಿ ಓದಿಬಿಟ್ಟರೆ ಮಕ್ಕಳು ಕತ್ತೆಯನ್ನು ಬಿಟ್ಟು ಅಪ್ಪನಿಗೇ ತಡಿ ಬಿಗಿದಂತಾಗುತ್ತದೆ.

ಮೇಷ್ಟ್ರಿಗೆ ಇದು ಎಷ್ಟು ಹಿಡಿಸಿತೆಂದರೆ ಒಳಗಿದ್ದ ಮನೆಯವರಿಗೂ ಕೂಗಿ ಹೇಳಿದರು. ಒಳಗಿನಿಂದ “ಅಪ್ಪನಿಗೆ ತಡಿ ಹಾಕೋ ಮಕ್ಕಳು ನಮ್ಮಲ್ಲೂ ಇದ್ದಾರೆ, ಓರೆ ಅಕ್ಷರ ಬೇಕಾಗಿಲ್ಲ” ಎಂಬ ಉತ್ತರ ಬಂತು.

ಓರೆಯ ಕೆಲಸಗಳು ಹೀಗೆ ಹಲವು. ಶ್ರೀಗಂಧದ ವೈಜ್ಞಾನಿಕ ಹೆಸರು ಸ್ಯಾಂಟಲಮ್ ಆಲ್ಬಮ್ ಎಂಬುದನ್ನು ಸಸ್ಯಶಾಸ್ತ್ರದ ಪುಸ್ತಕದಲ್ಲಿ ಓರೆಯಾಗಿಯೇ ಬರೆಯಬೇಕು. ಬೀಜಗಣಿತದ ಎಕ್ಸ್, ವೈ ಓರೆ. ಹಡಗಿನ ಹೆಸರು ಓರೆ, ಪುಸ್ತಕದ ಹೆಸರು ಓರೆ. ಇವು ಯಾವುದೂ ಕೂಗುವುದಿಲ್ಲ. ದಪ್ಪಕ್ಷರ ಪುಟ ತೆರೆದ ಕೂಡಲೇ ದೂರದಿಂದಲೇ ಕರೆಯುತ್ತದೆ. ಓರೆಯದು ಆ ಸಾಲಿಗೆ ಬಂದ ಮೇಲಷ್ಟೇ ದನಿ ಬದಲಿಸುತ್ತದೆ. ಪುಟದ ಬಣ್ಣ ಕೆಡಿಸದೆ ಒಂದು ಮಾತನ್ನು ಬೇರೆ ಮಾಡುವುದು ಅದರ ಹೆಚ್ಚುಗಾರಿಕೆ. ಆದರೆ ಸುತ್ತ ನೇರ ಇದ್ದರೆ ಮಾತ್ರ ಈ ಆಟ. ಪುಟ ಪೂರ್ತಿ ಓರೆಯಾದರೆ ಯಾವುದೂ ಓರೆಯಲ್ಲ. ಆಗ ಒಂದು ಪದವನ್ನು ಎತ್ತಿ ತೋರಿಸಬೇಕೆಂದರೆ ಅದನ್ನು ನೆಟ್ಟಗೆ ಮಾಡಬೇಕಾಗುತ್ತದೆ. ಇಂಗ್ಲಿಷ್ ಅಚ್ಚಿನಲ್ಲಿ ಹಾಗೇ ಮಾಡುತ್ತಾರೆ.

“ನಿಮ್ಮ ಕತ್ತು ನೋಯೋದಕ್ಕೆ ಅದೊಂದು ಕಾರಣ. ಇನ್ನೊಂದು ಕಾರಣ ಇದೆ. ಇದು ಇಟಾಲಿಕ್ಕೇ ಅಲ್ಲ” ಎಂದೆ.

“ಮತ್ತೆ?”

“ನೂಕಿದ್ದು.”

ಇಂಗ್ಲೆಂಡಿನಲ್ಲಿ ಸ್ಟ್ಯಾನ್ಲಿ ಮೋರಿಸನ್ ಎಂಬ ಮುದ್ರಣ ಪಂಡಿತರಿದ್ದರು. 1926ರಲ್ಲಿ ಅವರು ಒಂದು ಲೇಖನ ಬರೆದು, ಓರೆ ಅಕ್ಷರದ ಈ ಕೈಬರಹದ ಬಿಂಕವೆಲ್ಲ ಬೇಡ, ನೇರ ಅಕ್ಷರವನ್ನೇ ಹಾಗೆಯೇ ಬಾಗಿಸಿದರೆ ಸಾಕು, ಜೋಡಿ ಇನ್ನೂ ಚೆನ್ನಾಗಿ ಹೊಂದುತ್ತದೆ ಎಂದು ವಾದಿಸಿದರು. ತರ್ಕ ಗಟ್ಟಿಯಾಗಿತ್ತು. ಅದರಂತೆ ಕೆಲವು ಪ್ರಯೋಗಗಳೂ ನಡೆದವು. ಕಣ್ಣು ಮಾತ್ರ ಒಪ್ಪಲಿಲ್ಲ. 1932ರಲ್ಲಿ ಲಂಡನ್ನಿನ ಪತ್ರಿಕೆಗೆಂದು ಅವರದೇ ಮೇಲ್ವಿಚಾರಣೆಯಲ್ಲಿ ಟೈಮ್ಸ್ ನ್ಯೂ ರೋಮನ್ ತಯಾರಾಯಿತಲ್ಲ, ಅದರ ಇಟಾಲಿಕ್ ಬಾಗಿಸಿದ ನೇರವಲ್ಲ. ಹಳೆಯ ಪದ್ಧತಿಯ ಇಟಾಲಿಕ್ಕೇ. ಮೋರಿಸನ್ ಬಿಟ್ಟುಕೊಟ್ಟ ಸಿದ್ಧಾಂತವನ್ನು ಈಗ ಕಂಪ್ಯೂಟರು ಹಿಡಿದುಕೊಂಡಿದೆ. ಫಾಂಟಿನಲ್ಲಿ ಓರೆ ರೂಪ ಇಲ್ಲದಿದ್ದರೆ ಗುಂಡಿ ಒತ್ತಿದ ತಕ್ಷಣ ತಾನೇ ಅಕ್ಷರವನ್ನು ಪಕ್ಕಕ್ಕೆ ನೂಕುತ್ತದೆ. ಇಂಗ್ಲಿಷ್ ಅಕ್ಷರ ಆ ನೂಕನ್ನು ಹೇಗೋ ತಡೆದುಕೊಳ್ಳುತ್ತದೆ. ಕನ್ನಡದ್ದು ತಡೆಯಲಾರದು.

ನಾನು ಮೇಷ್ಟ್ರ ಪೆನ್ಸಿಲ್ ಇಸಿದುಕೊಂಡು ಅವರ ಕರಡಿನ ಮೇಲೇ ತೋರಿಸಿದೆ. ಸಾಲಿನ ಗೆರೆಯನ್ನು ಹಿಡಿದು ನೂಕಿದಾಗ ಗೆರೆಯ ಮೇಲಿರುವುದೆಲ್ಲ ಬಲಕ್ಕೆ ಹೋಗುತ್ತದೆ, ಕೆಳಗಿರುವುದೆಲ್ಲ ಎಡಕ್ಕೆ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ನಾಲ್ಕೈದು ಬಾಲ ಮಾತ್ರ. ನಮ್ಮಲ್ಲಿ ಕೆಳಗೆ ಒತ್ತಕ್ಷರಗಳ ಒಂದು ಅಂತಸ್ತೇ ಇದೆ. ‘ಅಕ್ಕ’ ಎಂದು ಬರೆದರೆ ಮೇಲಿನ ಕ ಬಲಕ್ಕೂ ಕೆಳಗಿನ ಒತ್ತು ಎಡಕ್ಕೂ ಸರಿದು ಅಕ್ಕನ ಸಂಸಾರ ಒಡೆಯುತ್ತದೆ. ಮೇಲಿನ ಗುಡಿಸು ಬಲಕ್ಕೆ ವಾಲಿ ಮುಂದಿನ ಅಕ್ಷರದ ತಲೆಕಟ್ಟಿಗೆ ತಗಲುತ್ತದೆ. ‘ಸ್ತ್ರೀ’ ಎಂಬಲ್ಲಿ ಎರಡು ಒತ್ತು, ಒಂದು ದೀರ್ಘ. ಯಾವುದು ಯಾರಿಗೆ ಸೇರಿದ್ದು ಎಂದು ಪಂಚಾಯಿತಿ ಮಾಡಬೇಕು. ಇನ್ನು ನಮ್ಮ ಅಕ್ಷರಗಳ ಚೆಲುವೆಲ್ಲ ದುಂಡಿನಲ್ಲಿದೆ. ದುಂಡನ್ನು ನೂಕಿದರೆ ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಮಗ್ಗುಲು ಕುಗ್ಗುತ್ತದೆ. ಗೆರೆಯ ದಪ್ಪ ತೆಳು ಇರಬೇಕಾದ ಜಾಗದಲ್ಲಿ ಇರುವುದಿಲ್ಲ.

“ಹಾಗಿದ್ರೆ ಹಳೇ ಪ್ರೆಸ್ಸಿನವರು ಏನು ಮಾಡ್ತಿದ್ರು?”

ನಾನು ಕಂಡ ಅಚ್ಚುಕೂಟಗಳ ಕನ್ನಡ ಕೇಸುಗಳಲ್ಲಿ ಓರೆ ಮೊಳೆ ಇರುತ್ತಿರಲಿಲ್ಲ. ಇಂಗ್ಲಿಷ್ ಹಸ್ತಪ್ರತಿಯಲ್ಲಿ ಪದದ ಕೆಳಗೆ ಒಂದು ಗೆರೆ ಎಳೆದರೆ ಇಟಾಲಿಕ್, ಮೂರು ಗೆರೆ ಎಳೆದರೆ ದೊಡ್ಡಕ್ಷರ, ಅಲೆಗೆರೆ ಎಳೆದರೆ ದಪ್ಪ. ಕನ್ನಡದಲ್ಲಿ ಲೇಖಕರು ಗೆರೆ ಎಳೆದು ಕಳಿಸಿದರೆ ಮೊಳೆ ಜೋಡಿಸುವವರು ದಪ್ಪ ಮೊಳೆ ಹಾಕುತ್ತಿದ್ದರು, ಅಥವಾ ಗೆರೆಯೇ ಇಲ್ಲವೆಂಬಂತೆ ಮುಂದೆ ಹೋಗುತ್ತಿದ್ದರು. ಎರಡನೆಯದರಿಂದ ಅರ್ಥಕ್ಕೆ ಏನೂ ಊನವಾಗುತ್ತಿರಲಿಲ್ಲ. ಯಾಕೆಂದರೆ ಒತ್ತಿ ಹೇಳುವ ಕೆಲಸವನ್ನು ಕನ್ನಡ ವ್ಯಾಕರಣ ಮೊಳೆ ಜೋಡಿಸುವವರಿಗೆ ಬಿಟ್ಟಿಲ್ಲ.

ಇದು ನನಗೆ ಬಹಳ ದಿನದಿಂದ ಮೆಚ್ಚಿನ ಸಂಗತಿ. ‘ನಾನು ನಿನ್ನೆ ನಿಮ್ಮ ಮನೆಗೆ ಬಂದಿದ್ದೆ’ ಎಂಬ ಮಾತನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಬಂದದ್ದು ಬೇರೆ ಯಾರೂ ಅಲ್ಲ ಎನ್ನಬೇಕಾದರೆ ‘ನಾನು’ ಓರೆಯಾಗಬೇಕು. ಇವತ್ತಲ್ಲ ಎನ್ನಬೇಕಾದರೆ ‘ನಿನ್ನೆ’ ಓರೆಯಾಗಬೇಕು. ಕನ್ನಡದಲ್ಲಿ? ನಾನೇ ನಿನ್ನೆ ಬಂದಿದ್ದೆ. ನಾನು ನಿನ್ನೆಯೇ ಬಂದಿದ್ದೆ. ನಿಮ್ಮ ಮನೆಗೇ ಬಂದಿದ್ದೆ. ಬಂದೇ ಬಂದಿದ್ದೆ. ಒಂದು ಏಕಾರವನ್ನು ಬೇಕಾದಲ್ಲಿ ಅಂಟಿಸಿದರೆ ಆಯಿತು. ಸಾಲದಿದ್ದರೆ ‘ನಾನೂ’ ಎಂಬ ಊಕಾರವಿದೆ, ‘ನಾನಂತೂ’ ಇದೆ, ‘ನಾನು ಮಾತ್ರ’ ಇದೆ, ‘ನಾನಲ್ಲವೇ’ ಇದೆ. ಕೇಳಿದ ಸುದ್ದಿಗೆ ‘ಬಂದಿದ್ದನಂತೆ’ ಎಂದು ಒಂದು ಅಂತೆ ಸೇರಿಸಿದರೆ ನಂಬಬೇಕೋ ಬೇಡವೋ ಎಂಬ ಅನುಮಾನವೂ ಪದದೊಳಗೇ ಬಂದು ಕೂರುತ್ತದೆ. ಇಂಗ್ಲಿಷಿನವರು ಗ್ರಿಫೊನಂಥವನ ಉಕ್ಕಿನ ಕಡ್ಡಿ ನೆಚ್ಚಿಕೊಂಡು ಪುಟದ ಮೇಲೆ ಮಾಡುವುದನ್ನು ನಮ್ಮ ಅಜ್ಜಿಯರು ಬಾಯಲ್ಲೇ ಮಾಡಿ ಮುಗಿಸುತ್ತಿದ್ದರು.

ಮೇಷ್ಟ್ರು ವ್ಯಾಕರಣ ಬಂದಾಗ ಸುಮ್ಮನೆ ಬಿಡುವವರಲ್ಲ. “ಒಪ್ಪಿದೆ. ಆದ್ರೆ ಪುಸ್ತಕದ ಹೆಸರಿಗೆ ಏಕಾರ ಹಚ್ಚಿ ಏನು ಮಾಡ್ತೀರಿ? ಹೋದ ತಿಂಗಳು ನಾನು ಅನಂತಮೂರ್ತಿ ಅವರ ಕಾದಂಬರಿ ಮತ್ತೆ ಓದಿದೆ. ನಮ್ಮ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ‘ನಿನ್ನೆ ರಾತ್ರಿ ಸಂಸ್ಕಾರ ಮುಗಿಸಿದೆ’ ಅಂತ ಹಾಕಿದೆ. ಬೆಳಗ್ಗೆ ಎದ್ದರೆ ಒಂದಾದ ಮೇಲೊಂದು ಫೋನು. ಯಾರು ಹೋದ್ರು, ಎಷ್ಟು ವಯಸ್ಸಾಗಿತ್ತು, ಮೊದಲೇ ಹೇಳಬಾರದಿತ್ತಾ ಅಂತ. ನಮ್ಮ ಷಡ್ಡಕರಂತೂ ಬಸ್ ಸ್ಟಾಂಡಿನಿಂದಲೇ ಮಾಡಿದ್ರು.”

ಈ ಪೆಟ್ಟಿಗೆ ನನ್ನಲ್ಲಿ ತಕ್ಷಣ ಉತ್ತರವಿರಲಿಲ್ಲ. ಹೆಸರುಗಳ ವಿಷಯ ಬಂದಾಗ ಕನ್ನಡ ಒಂಟಿ ಉದ್ಧರಣ ಚಿಹ್ನೆಯನ್ನು ನೆಚ್ಚಿಕೊಂಡಿದೆ. ಅದು ಬಿಟ್ಟುಹೋದರೆ ‘ನಾನು ಮಲೆಗಳಲ್ಲಿ ಮದುಮಗಳು ಓದಿದೆ’ ಎಂದು ಬರೆದ ಗಂಡಸಿನ ಗತಿ ಏನಾಗುತ್ತದೋ ಊಹಿಸಿ. ಕುವೆಂಪು ಅವರ ಓದುಗರು ಕ್ಷಮಿಸಬಹುದು, ಮನೆಯವರು ಕೇಳದೆ ಬಿಡುವುದಿಲ್ಲ. ಸಂಭಾಷಣೆಗೂ ಅದೇ ಚಿಹ್ನೆ, ವ್ಯಂಗ್ಯಕ್ಕೂ ಅದೇ, ಹೆಸರಿಗೂ ಅದೇ. ಒಂದೇ ಜೊತೆ ಕೊಕ್ಕೆ ಎಷ್ಟು ಹೊರೆ ಹೊರಬೇಕು? ಹೆಸರಿಗೆ, ಪತ್ರದ ಒಕ್ಕಣೆಗೆ, ಪಾತ್ರದ ಮನಸ್ಸಿನ ಮಾತಿಗೆ, ನೆನಪಿಗೆ ಬಂದ ಹಾಡಿನ ಸಾಲಿಗೆ ಒಂದು ಬೇರೆ ದನಿಯ ಅಕ್ಷರವಿದ್ದರೆ ಕನ್ನಡ ಪುಟಕ್ಕೆ ಲಾಭವೇ. ಒತ್ತಿ ಹೇಳಲು ನಮಗೆ ಇಟಾಲಿಕ್ ಬೇಡ. ದನಿ ಬದಲಿಸಲು ಬೇಕಾಗಬಹುದು.

“ಹಾಗಾದ್ರೆ ಯಾರಾದರೂ ಮಾಡಿದ್ದಾರೋ?”

ಮಾಡಿದವರಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ 2015ರಿಂದ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಎಂಬ ಮಾಲೆ ತರುತ್ತಿದೆ. ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್. ರಾಘವಾಂಕನ ಹರಿಶ್ಚಂದ್ರ ಕಾವ್ಯ ವನಮಾಲಾ ವಿಶ್ವನಾಥ ಅವರ ಅನುವಾದದೊಡನೆ ಆ ಮಾಲೆಯಲ್ಲಿ ಬಂದಿದೆ. ಆ ಮಾಲೆಗೆ ಭಾರತೀಯ ಲಿಪಿಗಳ ಅಕ್ಷರ ಮಾಡಿಕೊಟ್ಟವರಲ್ಲಿ ಫಿಯೋನಾ ರಾಸ್, ಜಾನ್ ಹಡ್ಸನ್ ಮುಖ್ಯರು. ಇವರದೇ ಟೀರೋ ಕನ್ನಡ ಎಂಬ ಫಾಂಟು ಈಗ ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಪುಸ್ತಕ, ಪತ್ರಿಕೆಗಳ ದೀರ್ಘ ಓದಿಗೆ ಹೊಂದುವ ಸಂಪ್ರದಾಯದ ಅಕ್ಷರ. ಅದರಲ್ಲಿ ನೇರವೊಂದು, ಇಟಾಲಿಕ್ ಒಂದು. ಗುಂಡಿ ಒತ್ತಿದಾಗ ಕಂಪ್ಯೂಟರು ನೂಕುವ ಕೆಲಸವನ್ನು ಕಣ್ಣಿರುವ ಮನುಷ್ಯರು ಕೂತು ನೋಡಿ ಮಾಡಿದ್ದಾರೆ ಎಂಬುದೇ ದೊಡ್ಡ ಸಮಾಧಾನ. ಮೇಷ್ಟ್ರು ಹೆಸರನ್ನು ಕರಡಿನ ಅಂಚಿನಲ್ಲಿ ಬರೆದುಕೊಂಡರು.

ನನ್ನ ಆಸೆ ಅದಕ್ಕಿಂತಲೂ ಒಂದು ಹೆಜ್ಜೆ ಮುಂದಿದೆ. ನಿಕ್ಕೊಲಿಯ ಕೈಬರಹ ಗ್ರಿಫೊನ ಕಡ್ಡಿಗೆ ಸಿಕ್ಕಿದ್ದರಿಂದ ಇಟಲಿಗೆ ಇಟಾಲಿಕ್ ಸಿಕ್ಕಿತು. ನಮ್ಮಲ್ಲೂ ಓಡುವ ಕೈ ಇರಲಿಲ್ಲವೇ? ಶಾನುಭೋಗರ ಹಳೆಯ ಲೆಕ್ಕದ ಪುಸ್ತಕ, ಕಡತಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿನ ಮೋಡಿ ಬರಹ ಒಂದು ಪ್ರತ್ಯೇಕ ಲೋಕ. ಲೇಖನಿ ಎತ್ತದೆ, ತಲೆಕಟ್ಟಿಗೆ ಕಾಯದೆ, ಒಂದರಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುವ ಕನ್ನಡ ಅದು. ಓದಲು ಬಾರದವರು ಅದನ್ನು ಬೈದರು, ಓದಬಲ್ಲವರು ಅದರಲ್ಲಿ ಜಮೀನು ಉಳಿಸಿಕೊಂಡರು. ಆದರೆ ಮಂಗಳೂರಿನ ಬಾಸೆಲ್ ಮಿಶನ್ ಮುಂತಾದ ಅಚ್ಚುಕೂಟಗಳು ಮೊಳೆ ಮಾಡಿಸಿದಾಗ ಮುಂದೆ ಇಟ್ಟುಕೊಂಡದ್ದು ಬಿಡಿಬಿಡಿಯಾದ ದುಂಡಕ್ಷರ. ಅದು ಸರಿಯೇ, ಶಾಲೆಗೆ, ಪ್ರಚಾರಕ್ಕೆ, ನಿಘಂಟಿಗೆ ಬೇಕಾದದ್ದು ಅದೇ. ಶಾನುಭೋಗರ ಕೈ ಮಾತ್ರ ಅಚ್ಚಿನ ಮನೆಯ ಹೊಸಿಲು ದಾಟಲಿಲ್ಲ. ಇಟಲಿಯ ಗುಮಾಸ್ತರಿಗೆ ದಕ್ಕಿದ ಭಾಗ್ಯ ನಮ್ಮ ಗುಮಾಸ್ತರಿಗೆ ದಕ್ಕಲಿಲ್ಲ.

ಈಗ ಉಕ್ಕು ಕೊರೆಯಬೇಕಾಗಿಲ್ಲ, ಸೀಸ ಸುರಿಯಬೇಕಾಗಿಲ್ಲ. ಕಂಪ್ಯೂಟರಿನ ಮುಂದೆ ಕೂತ ಯಾವನೋ ಹುಡುಗ, ಯಾವಳೋ ಹುಡುಗಿ ಆ ಕಡತಗಳನ್ನು ತೆರೆದು, ಓಡುವಾಗ ಅ ಹೇಗೆ ಜಾರುತ್ತದೆ, ಒತ್ತು ಯಾವ ಕಡೆಯಿಂದ ಬಂದು ಸೇರಿಕೊಳ್ಳುತ್ತದೆ, ತಲೆಕಟ್ಟು ಎಲ್ಲಿ ಕರಗುತ್ತದೆ ಎಂದು ನೋಡಿ, ಇವತ್ತಿನ ಓದುಗನಿಗೂ ತಿಳಿಯುವಷ್ಟು ಹದ ಮಾಡಿದರೆ ಕನ್ನಡಕ್ಕೊಂದು ನಿಜವಾದ ಇಟಾಲಿಕ್ ಬಂದೀತು. ಅದು ಎಷ್ಟು ಡಿಗ್ರಿ ಬಾಗುತ್ತದೆ ಎಂಬುದು ಮುಖ್ಯವಲ್ಲ. ಬಾಗದೆಯೂ ಇರಬಹುದು.

“ಅದೆಲ್ಲ ಆಗೋವರೆಗೆ ನನ್ನ ಪುಸ್ತಕ ಕಾಯೋದಿಲ್ಲ” ಎಂದರು ಮೇಷ್ಟ್ರು. “ಮುನ್ನುಡಿಗೆ ಏನು ಬರೀಲಿ?”

ಕರಡಿನ ಅಂಚಿನಲ್ಲಿ ನಾನೇ ಬರೆದುಕೊಟ್ಟೆ: ‘ಮುನ್ನುಡಿ ಪೂರ್ತಿ ನೆಟ್ಟಗೆ ನಿಲ್ಲಿಸುವುದು. ಪುಸ್ತಕಗಳ ಹೆಸರಿಗೆ ಒಂಟಿ ಕೊಕ್ಕೆ.’

ಮೇಷ್ಟ್ರು ಓದಿ, ಪೆನ್ಸಿಲ್ ಕಿತ್ತುಕೊಂಡು, ನನ್ನ ‘ಪೂರ್ತಿ’ಯನ್ನು ‘ಪೂರ್ತಿಯಾಗಿಯೇ’ ಎಂದು ತಿದ್ದಿದರು. “ಹುಡುಗನಿಗೆ ಒತ್ತಿ ಹೇಳಬೇಕಲ್ಲ” ಅಂದರು.